ಹಣ್ಣಿನೊಳಗೆ ಹುಳ: ತೂತೇ ಇಲ್ಲದೆ ಬಂದದ್ದು ಹೇಗೆ? ತಿಂದರೆ ಏನಾಗುತ್ತದೆ?

ಮಳೆಗಾಲ ಶುರುವಾಗಿ ಸೀಬೆಹಣ್ಣು ಬಂತೆಂದರೆ ಬೇಗೂರಿನ ಸುತ್ತಮುತ್ತ ಒಂದು ದೂರು ತಪ್ಪದೆ ಕೇಳಿಬರುತ್ತದೆ. ತಳ್ಳುಗಾಡಿಯಲ್ಲಿ ಆರಿಸಿ ಆರಿಸಿ ತಂದ ಹಣ್ಣು, ಹೊರಗೆ ಒಂದು ಕಲೆಯೂ ಇಲ್ಲ. ಕತ್ತರಿಸಿದರೆ ಒಳಗೆ ಬಿಳಿ ಹುಳಗಳು ಪಿತಪಿತ ಹರಿದಾಡುತ್ತಿರುತ್ತವೆ. ಮನೆಯ ಹಿಂದಿನ ಮರದ ಹಣ್ಣಾದರೂ ಅದೇ ಕಥೆ. ಆಮೇಲೆ ಪ್ರಶ್ನೆಗಳ ಸಾಲು. ತೂತೇ ಇಲ್ಲದ ಹಣ್ಣಿನೊಳಗೆ ಹುಳ ಹೋದದ್ದು ಹೇಗೆ? ಮಗು ಆಗಲೇ ಅರ್ಧ ಹಣ್ಣು ತಿಂದಿದೆ, ಏನಾದರೂ ಆಗುತ್ತದೆಯೇ? ಇದೇ ಹೊಟ್ಟೆಯಲ್ಲಿ ಜಂತುಹುಳ ಆಗುತ್ತದೆಯೇ? ಹಣ್ಣಿನವನು ಗೊತ್ತಿದ್ದೂ ಮಾರಿದನೇ? ಹುಳ ಇದೆ ಎಂದರೆ ಔಷಧಿ ಹೊಡೆದಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದೇ?

ಇವು ಸಣ್ಣ ಪ್ರಶ್ನೆಗಳಲ್ಲ. ಒಮ್ಮೆ ಹುಳ ಕಂಡ ಮೇಲೆ ವರ್ಷಗಟ್ಟಲೆ ಆ ಹಣ್ಣನ್ನೇ ಮುಟ್ಟದ ಮಕ್ಕಳಿದ್ದಾರೆ. ಸೀಬೆಯಂಥ ಅಗ್ಗದ, ಸಿ ಜೀವಸತ್ವ ತುಂಬಿದ ಹಣ್ಣು ಮನೆಯಿಂದ ಹೊರಗೆ ಹೋಗಲು ಒಂದು ಹುಳ ಸಾಕು. ಆದ್ದರಿಂದ ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಹುಳ ಯಾವುದು?

ಸೀಬೆ, ಮಾವುಗಳಲ್ಲಿ ಕಾಣುವ ಬಿಳಿ ಹುಳ ಬಹುತೇಕ ಒಂದೇ ಗುಂಪಿಗೆ ಸೇರಿದ್ದು. ಅದು ಹಣ್ಣುನೊಣದ ಮರಿ. ನಮ್ಮಲ್ಲಿ ಹೆಚ್ಚು ಕಾಡುವ ಜಾತಿಯ ವೈಜ್ಞಾನಿಕ ಹೆಸರು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಇದರ ಜೊತೆಗೆ ಬ್ಯಾಕ್ಟ್ರೋಸೆರಾ ಕರೆಕ್ಟಾ, ಬ್ಯಾಕ್ಟ್ರೋಸೆರಾ ಝೊನೇಟಾ ಎಂಬ ಸೋದರ ಜಾತಿಗಳೂ ಇವೆ. ಕೋಲಾರ, ರಾಮನಗರ ಕಡೆಯ ಮಾವಿನ ಬೆಳೆಗಾರರು ಇದನ್ನು ಊಜಿ ಎಂದೇ ಕರೆಯುತ್ತಾರೆ. ರೇಷ್ಮೆಹುಳುವಿಗೆ ಕಾಟ ಕೊಡುವ ಊಜಿ ನೊಣವೇ ಬೇರೆ, ಇದೇ ಬೇರೆ. ಹೆಸರು ಮಾತ್ರ ಒಂದೇ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಅಡುಗೆಮನೆಯಲ್ಲಿ ಮಾಗಿದ ಬಾಳೆಹಣ್ಣಿನ ಸುತ್ತ ಹಾರಾಡುವ ಸಾಸಿವೆ ಕಾಳಿನಂಥ ಪುಟ್ಟ ನೊಣಗಳಿವೆಯಲ್ಲ, ಅವು ಡ್ರೊಸೊಫಿಲಾ. ಅವು ಕೊಳೆತು ಹುಳಿಬಂದ ಹಣ್ಣಿಗೆ ಮುತ್ತುತ್ತವೆ, ಗಟ್ಟಿಯಾದ ಹಣ್ಣನ್ನು ಸಾಮಾನ್ಯವಾಗಿ ಕೆಡಿಸುವುದಿಲ್ಲ. ಸೀಬೆಯನ್ನು ಕೆಡಿಸುವ ಹಣ್ಣುನೊಣ ಮನೆಯ ನೊಣದಷ್ಟು ದೊಡ್ಡದು. ಮೈ ಕಂದು, ಬೆನ್ನಿನ ಮೇಲೆ ಹಳದಿ ಪಟ್ಟೆ, ಪಾರದರ್ಶಕ ರೆಕ್ಕೆ. ದೂರದಿಂದ ನೋಡಿದರೆ ಸಣ್ಣ ಕಣಜದಂತೆ ಕಾಣುತ್ತದೆ. ಅದು ಮನೆಯೊಳಗೆ ಬರುವುದು ಅಪರೂಪ. ಮರದಲ್ಲೇ ಅದರ ಕೆಲಸ ಮುಗಿದಿರುತ್ತದೆ.

ತೂತಿಲ್ಲದೆ ಒಳಗೆ ಹೋಗುವುದು ಹೇಗೆ?

ಹುಳ ಹೊರಗಿನಿಂದ ಕೊರೆದು ಒಳಗೆ ಹೋಗಿರುವುದಿಲ್ಲ, ಒಳಗೇ ಹುಟ್ಟಿರುತ್ತದೆ. ಹೆಣ್ಣು ನೊಣದ ಹಿಂಭಾಗದಲ್ಲಿ ಸೂಜಿಯಂಥ ಒಂದು ಅಂಗವಿದೆ. ಕಾಯಿ ಬಲಿತು ಹಣ್ಣಾಗುವ ಹೊತ್ತಿಗೆ ಅದು ಬಂದು ಕೂತು, ಸಿಪ್ಪೆಯನ್ನು ಚುಚ್ಚಿ, ಅದರ ಕೆಳಗೆ ಮೊಟ್ಟೆಗಳನ್ನು ಇಡುತ್ತದೆ. ಒಂದು ಮೊಟ್ಟೆ ಸುಮಾರು ಒಂದು ಮಿಲಿಮೀಟರ್ ಉದ್ದ, ಬಿಳಿ ಬಣ್ಣ, ಬಾಳೆಹಣ್ಣಿನಂತೆ ತುಸು ಬಾಗಿದ ಆಕಾರ. ಚುಚ್ಚಿದ ಗಾಯ ಸೂಜಿಮೊನೆಯಷ್ಟೇ ಇರುವುದರಿಂದ ಬೇಗ ಕೂಡಿಕೊಳ್ಳುತ್ತದೆ. ಮಾವಿನಲ್ಲಾದರೆ ಅಲ್ಲಿ ಒಂದು ಹನಿ ಅಂಟು ಒಸರಿ ಒಣಗಿರಬಹುದು. ಸೀಬೆಯಲ್ಲಿ ಹಸಿರು ಅಥವಾ ಕಂದು ಚುಕ್ಕೆ, ಅದರ ಸುತ್ತ ತುಸು ಮೆತ್ತಗಾದ ಜಾಗ. ಹಣ್ಣು ಕೊಳ್ಳುವ ನಾವು ಇದನ್ನು ಗಮನಿಸುವುದೇ ಕಡಿಮೆ.

ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ಕಾಲಿಲ್ಲ, ಕಣ್ಣಿಲ್ಲ, ಬಾಯಲ್ಲಿ ಎರಡು ಕೊಕ್ಕೆ ಮಾತ್ರ. ತಿರುಳನ್ನು ಕೆರೆದು ತಿನ್ನುತ್ತಾ ಒಳಗಿಳಿಯುತ್ತದೆ. ಒಂದು ವಾರದ ಆಸುಪಾಸಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತದೆ. ಅಷ್ಟರಲ್ಲಿ ಅದರ ಜೊತೆ ಸೇರಿದ ಬ್ಯಾಕ್ಟೀರಿಯಾಗಳು ತಿರುಳನ್ನು ಕೊಳೆಸಿರುತ್ತವೆ, ಹಣ್ಣು ಉದುರುತ್ತದೆ. ಬಲಿತ ಹುಳ ಆಗ ಹಣ್ಣಿನಿಂದ ಹೊರಬಂದು, ಮೈ ಬಿಲ್ಲಿನಂತೆ ಬಾಗಿಸಿ ಚಂಗನೆ ಹಾರಿ, ಮಣ್ಣಿಗೆ ಸೇರುತ್ತದೆ. ಹಣ್ಣಿನ ಹುಳ ಜಿಗಿಯುವುದನ್ನು ಕಂಡು ಗಾಬರಿಯಾದವರು ನೋಡಿದ್ದು ಇದನ್ನೇ. ಮಣ್ಣಿನಲ್ಲಿ ಕೆಲವೇ ಅಂಗುಲ ಆಳದಲ್ಲಿ ಕಂದು ಕೋಶವಾಗಿ, ಹತ್ತು ದಿನದ ಆಚೀಚೆ ರೆಕ್ಕೆ ಬಂದ ನೊಣವಾಗಿ ಮೇಲೇಳುತ್ತದೆ. ಮಣ್ಣು ತೇವವಾಗಿದ್ದಷ್ಟೂ ಅದಕ್ಕೆ ಅನುಕೂಲ. ಮಳೆಗಾಲದ ಸೀಬೆಗೆ ಹುಳ ಹೆಚ್ಚು, ಚಳಿಗಾಲದ ಸೀಬೆಗೆ ಕಡಿಮೆ ಎಂಬ ಅನುಭವಕ್ಕೆ ಕಾರಣ ಇಲ್ಲಿದೆ. ಮುಂಗಾರಿನ ಮೊದಲು ಬರುವ ಮಾವಿಗಿಂತ ಮಳೆ ಬಿದ್ದ ಮೇಲೆ ಬರುವ ತಡವಾದ ತಳಿಗಳಿಗೆ ಕಾಟ ಜಾಸ್ತಿಯಾಗುವುದೂ ಇದಕ್ಕೇ.

ಹಣ್ಣಿನ ಹುಳದ ಒಗಟು ವಿಜ್ಞಾನಿಗಳನ್ನೂ ಎಡವಿಸಿದೆ. ಕೊಳೆತ ಮಾಂಸದಲ್ಲಿ ಹುಳ ತಾನಾಗಿಯೇ ಹುಟ್ಟುತ್ತದೆ ಎಂದು ಜನ ನಂಬಿದ್ದ ಕಾಲದಲ್ಲಿ, ಇಟಲಿಯ ಫ್ರಾಂಚೆಸ್ಕೊ ರೆಡಿ ಕೆಲವು ಪಾತ್ರೆಗಳ ಬಾಯಿಗೆ ಬಟ್ಟೆ ಕಟ್ಟಿ, ಕೆಲವನ್ನು ತೆರೆದಿಟ್ಟು, ನೊಣ ಕೂರದ ಮಾಂಸಕ್ಕೆ ಹುಳ ಬೀಳುವುದಿಲ್ಲ ಎಂದು 1668ರಲ್ಲಿ ತೋರಿಸಿಕೊಟ್ಟ. ಆದರೆ ಅದೇ ರೆಡಿ ಹಣ್ಣಿನ ಮತ್ತು ಗಿಡದ ಗಂಟುಗಳ ಹುಳದ ವಿಷಯಕ್ಕೆ ಬಂದಾಗ, ಗಿಡದ ಜೀವಶಕ್ತಿಯೇ ಅವನ್ನು ಹುಟ್ಟಿಸುತ್ತದೆ ಎಂದು ಬರೆದ. ಹೊರಗೆ ತೂತು ಕಾಣದಿದ್ದದ್ದೇ ಅವನನ್ನು ದಾರಿ ತಪ್ಪಿಸಿತು. ಗಂಟಿನ ಹುಳಗಳೂ ಮೊಟ್ಟೆಯಿಂದಲೇ ಬರುತ್ತವೆ ಎಂದು ಅವನ ನಂತರದ ತಲೆಮಾರಿನ ವಲ್ಲಿಸ್ನಿಯೇರಿ ಎಂಬ ಇನ್ನೊಬ್ಬ ಇಟಲಿಯವನು ತಿದ್ದಬೇಕಾಯಿತು. 'ಹಣ್ಣು ಮಾಗಿದರೆ ಹುಳ ತಾನೇ ಹುಟ್ಟುತ್ತೆ' ಎಂದು ಇಂದೂ ಹೇಳುವವರು ರೆಡಿಯ ಜೊತೆಗಿದ್ದಾರೆ.

ಎಲ್ಲ ಹುಳವೂ ಒಂದೇ ಅಲ್ಲ

ಮಾವಿನ ಓಟೆ ಒಡೆದಾಗ ಒಳಗಿಂದ ಕಪ್ಪು ಮೂತಿಯ ಜೀರುಂಡೆ ಹೊರಬರುವುದನ್ನು ನೋಡಿರುತ್ತೀರಿ. ಅದು ಓಟೆ ಹುಳ, ಸ್ಟರ್ನೊಕೀಟಸ್ ಮ್ಯಾಂಜಿಫೆರೆ. ಕಾಯಿ ಗೋಲಿ ಗಾತ್ರದಲ್ಲಿದ್ದಾಗಲೇ ತಾಯಿ ಅದರ ಮೇಲೆ ಮೊಟ್ಟೆಯಿಡುತ್ತದೆ. ಮರಿ ಎಳೆಯ ತಿರುಳನ್ನು ದಾಟಿ ಓಟೆಯೊಳಗೆ ಸೇರಿಕೊಳ್ಳುತ್ತದೆ. ಅದು ಹೋದ ದಾರಿ ಕಾಯಿ ಬೆಳೆದಂತೆ ಮುಚ್ಚಿಹೋಗುತ್ತದೆ. ಹಣ್ಣಿನ ತಿರುಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹಣ್ಣು ತಿಂದು ಓಟೆ ಎಸೆದವರಿಗೆ ಒಳಗೊಬ್ಬ ಇದ್ದನೆಂಬುದೇ ತಿಳಿಯುವುದಿಲ್ಲ.

ದಾಳಿಂಬೆಯಲ್ಲಿ ಕಾಣುವುದು ಒಂದು ಚಿಟ್ಟೆಯ ಮರಿ. ಅದು ಕಾಯನ್ನು ಕೊರೆದೇ ಒಳಗೆ ಹೋಗುವುದರಿಂದ ದುಂಡು ತೂತು, ಅದರ ಬಾಯಲ್ಲಿ ಹಿಕ್ಕೆ, ಕೆಟ್ಟ ವಾಸನೆ ಇರುತ್ತದೆ. ಬದನೆಕಾಯಿಯ ಗುಲಾಬಿ ಛಾಯೆಯ ಹುಳ ಒಂದು ಪತಂಗದ ಮರಿ. ಹೀರೆ, ಹಾಗಲ, ಸೌತೆಗಳಲ್ಲಿ ಕಾಣುವುದು ಮತ್ತೆ ಹಣ್ಣುನೊಣವೇ, ಆದರೆ ಬಳ್ಳಿ ತರಕಾರಿಗಳನ್ನೇ ಹುಡುಕುವ ಬೇರೆ ಜಾತಿ. ಹೂಕೋಸಿನ ಹಸಿರು ಹುಳ ಸಂದುಗಳಲ್ಲಿ ಅಡಗಿರುತ್ತದೆ. ಉಪ್ಪು, ಅರಿಶಿನ ಹಾಕಿದ ಬಿಸಿನೀರಿನಲ್ಲಿ ನೆನೆಸುವ ನಮ್ಮ ಅಡುಗೆಮನೆಯ ಉಪಾಯ ಅದಕ್ಕೆ ಸರಿ. ಸೀಬೆ, ಮಾವಿನ ಒಳಗಿರುವ ಹುಳಕ್ಕೆ ಆ ನೀರು ಮುಟ್ಟುವುದೇ ಇಲ್ಲ.

ಇನ್ನು ಅತ್ತಿಹಣ್ಣು. 'ಅತ್ತಿಹಣ್ಣು ಬಿಚ್ಚಿದರೆ ಹುಳ' ಎಂಬ ಮಾತು ಹೊರಗೆ ಚೆಂದ, ಒಳಗೆ ಹುಳುಕು ಎಂಬುದಕ್ಕೆ ಗಾದೆಯೇ ಆಗಿಹೋಗಿದೆ. ಆದರೆ ಅತ್ತಿಯ ವಿಷಯದಲ್ಲಿ ಇದು ಸ್ವಲ್ಪ ಅನ್ಯಾಯ. ಅತ್ತಿ 'ಹಣ್ಣು' ಎಂದು ನಾವು ಕರೆಯುವುದು ನಿಜಕ್ಕೂ ಒಳಮುಖವಾಗಿ ಅರಳಿದ ನೂರಾರು ಪುಟ್ಟ ಹೂಗಳ ಗೊಂಚಲು. ಆ ಹೂಗಳಿಗೆ ಪರಾಗ ತರುವುದು ಎಳ್ಳಿಗಿಂತ ಚಿಕ್ಕದಾದ ಒಂದು ಕಣಜ. ಅದು ತುದಿಯ ಕಿರಿದಾದ ಬಾಗಿಲಿನಿಂದ ನುಗ್ಗಿ, ಪರಾಗ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮುಂದಿನ ಪೀಳಿಗೆ ಅದೇ ಹಣ್ಣಿನಲ್ಲಿ ಬೆಳೆದು ಹೊರಹಾರುತ್ತದೆ. ಕಣಜವಿಲ್ಲದಿದ್ದರೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದಿದ್ದರೆ ಆ ಕಣಜಕ್ಕೆ ಸಂತಾನವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ರೆನೀ ಬೋರ್ಜಸ್ ಅವರ ತಂಡ ಇದೇ ಅತ್ತಿಮರ ಮತ್ತು ಅದರ ಕಣಜಗಳ ನಂಟನ್ನು ವರ್ಷಗಳ ಕಾಲ ಅಧ್ಯಯನ ಮಾಡಿದೆ. ಜೈನರು ಅತ್ತಿ, ಆಲ, ಅರಳಿಯಂಥ ಹಣ್ಣುಗಳನ್ನು ವರ್ಜಿಸುವುದು ಒಳಗೆ ಜೀವಿಗಳಿವೆ ಎಂಬ ಕಾರಣಕ್ಕೆ. ಅದರ ಹಿಂದಿನ ಗಮನಿಕೆ ಸರಿಯಾಗಿಯೇ ಇದೆ.

ತಿಂದುಬಿಟ್ಟರೆ?

ಎಲ್ಲರಿಗೂ ಬೇಕಾದ ಉತ್ತರ ಇದು: ಹಣ್ಣಿನ ಜೊತೆ ಒಂದೆರಡು ಹುಳ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಣ್ಣುನೊಣದ ಮರಿಗೆ ವಿಷವಿಲ್ಲ, ಅದು ಕಚ್ಚುವುದಿಲ್ಲ, ಮನುಷ್ಯನ ಮೈಯಲ್ಲಿ ಬದುಕುವ ಜೀವಿಯೂ ಅದಲ್ಲ. ಹಲ್ಲಿಗೆ ಸಿಕ್ಕದೆ ಇಳಿದರೂ ಹೊಟ್ಟೆಯ ಆಮ್ಲ ಮತ್ತು ಜೀರ್ಣರಸಗಳು ಬೇರೆ ಆಹಾರದಂತೆ ಅದನ್ನೂ ಅರಗಿಸುತ್ತವೆ. ನೊಣದ ಮರಿಗಳು ಜೀರ್ಣವಾಗದೆ ಮಲದಲ್ಲಿ ಹೊರಬಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಅಪರೂಪಕ್ಕೆ ಇವೆ. ಅಲ್ಲಿಯೂ ಅವು ಬಹುತೇಕ ಹಾದುಹೋಗುವ ಪ್ರಯಾಣಿಕರು, ಬೀಡುಬಿಟ್ಟವರಲ್ಲ. ವಾಂತಿ ಮಾಡಿಸುವುದು, ಉಪ್ಪುನೀರು ಕುಡಿಸುವುದು, ಹುಳದ ಮಾತ್ರೆ ನುಂಗಿಸುವುದು ಯಾವುದೂ ಬೇಡ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋದರೆ ಮಗುವಿಗೆ ಹುಳಕ್ಕಿಂತ ಅದೇ ಹೆಚ್ಚು ಅಪಾಯ.

ಹಾಗೆಂದು ಹುಳ ಬಿದ್ದ ಹಣ್ಣನ್ನು ಆರಾಮವಾಗಿ ತಿನ್ನಿ ಎಂದು ನಾವು ಹೇಳುತ್ತಿಲ್ಲ. ಹುಳ ಇದ್ದಲ್ಲಿ ಕೊಳೆತವೂ ಇರುತ್ತದೆ. ತಿರುಳು ಕಂದಾಗಿ, ನೀರೊಡೆದು, ಹುಳಿವಾಸನೆ ಬಂದಿದ್ದರೆ ಬ್ಯಾಕ್ಟೀರಿಯಾ, ಬೂಷ್ಟುಗಳು ಅಲ್ಲಿ ಬೆಳೆದಿರುತ್ತವೆ. ಹೊಟ್ಟೆ ಕೆಟ್ಟರೆ ಕಾರಣ ಅವು. ಅಂಥ ಹಣ್ಣನ್ನು ಎಸೆಯುವುದೇ ಸರಿ. ಒಂದು ಮೂಲೆಯಲ್ಲಿ ಮಾತ್ರ ಹುಳ ಇದ್ದು, ಉಳಿದ ಭಾಗ ಗಟ್ಟಿಯಾಗಿ, ವಾಸನೆಯಿಲ್ಲದೆ ಇದ್ದರೆ ಧಾರಾಳವಾಗಿ ಸುತ್ತ ಕತ್ತರಿಸಿ ತೆಗೆದು ಉಳಿದದ್ದನ್ನು ತಿನ್ನಬಹುದು. ಹೇಸಿಗೆಯಾದರೆ ಬಿಟ್ಟುಬಿಡಿ, ಅದರಲ್ಲಿ ತಪ್ಪೇನಿಲ್ಲ. ತಿಂದ ಮೇಲೆ ಬಿಡದೆ ವಾಂತಿ, ಭೇದಿ, ಜ್ವರ ಬಂದರೆ, ಅಥವಾ ಮೈಮೇಲೆ ದದ್ದು ಎದ್ದು ಉಸಿರು ಕಟ್ಟಿದಂತಾದರೆ ವೈದ್ಯರ ಬಳಿ ಹೋಗಬೇಕು.

ಹೊಟ್ಟೆಯ ಜಂತುಹುಳ ಇದರಿಂದ ಬರುತ್ತದೆಯೇ?

ಇಲ್ಲ. ಎರಡಕ್ಕೂ ನಾವು 'ಹುಳ' ಎಂಬ ಒಂದೇ ಮಾತು ಬಳಸುವುದರಿಂದ ಹುಟ್ಟಿದ ಗೊಂದಲ ಇದು. ಹಣ್ಣಿನ ಹುಳ ಒಂದು ನೊಣದ ಮರಿ, ಮುಂದೆ ಅದಕ್ಕೆ ರೆಕ್ಕೆ ಬರುತ್ತದೆ. ಜಂತುಹುಳ, ಕೊಕ್ಕೆಹುಳಗಳು ಹುಳವಾಗಿಯೇ ಹುಟ್ಟಿ ಹುಳವಾಗಿಯೇ ಸಾಯುವ ಬೇರೆ ವಂಶ. ಜಂತುಹುಳದ ಮೊಟ್ಟೆಗಳು ಮನುಷ್ಯನ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಕೈಗೆ, ತೊಳೆಯದ ತರಕಾರಿಗೆ, ಅಲ್ಲಿಂದ ಬಾಯಿಗೆ ಬರುತ್ತವೆ. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಸೇರುತ್ತದೆ. ಈ ಮೊಟ್ಟೆಗಳಾಗಲಿ ಮರಿಗಳಾಗಲಿ ಬರಿಗಣ್ಣಿಗೆ ಕಾಣುವುದಿಲ್ಲ.

ಇವುಗಳಿಂದ ಮಕ್ಕಳಿಗೆ ರಕ್ತಹೀನತೆ, ಬೆಳವಣಿಗೆಯಲ್ಲಿ ಹಿನ್ನಡೆ ಆಗುತ್ತದೆ ಎಂದೇ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ ಅದರ ಅರ್ಧ. ಶಾಲೆಯಲ್ಲಿ ಕೊಡುವ ಈ ಮಾತ್ರೆಯನ್ನು ತಪ್ಪಿಸಿ, ಹಣ್ಣಿನಲ್ಲಿ ಹುಳ ಕಂಡ ದಿನ ಔಷಧಿ ಅಂಗಡಿಗೆ ಓಡುವುದು ತಲೆಕೆಳಗಾದ ಲೆಕ್ಕ.

'ಎಲೆಕೋಸಿನ ಹುಳ ಮಿದುಳಿಗೆ ಹೋಗುತ್ತದೆ' ಎಂಬ ಮಾತಿಗೂ ಇದೇ ವಿವರಣೆ. ಮಿದುಳಿಗೆ ತೊಂದರೆ ಕೊಡುವುದು ಲಾಡಿಹುಳದ ಮೊಟ್ಟೆಗಳಿಂದ ಬರುವ ಸೋಂಕು. ಅದು ಮೂರ್ಛೆರೋಗಕ್ಕೆ ಕಾರಣವಾಗಬಲ್ಲದು, ಅದು ನಿಜ. ಆದರೆ ಆ ಮೊಟ್ಟೆಗಳು ಬರುವುದು ಹೊಟ್ಟೆಯಲ್ಲಿ ಲಾಡಿಹುಳ ಇರುವ ಮನುಷ್ಯನ ಮಲದಿಂದ. ಆ ಮಲ ಸೇರಿದ ನೀರು ತಗಲಿದ ಯಾವುದೇ ಹಸಿ ಸೊಪ್ಪು, ತರಕಾರಿ ಅದನ್ನು ಹೊತ್ತು ತರಬಹುದು. ಎಲೆಕೋಸಿನ ಮೇಲೆ ಕಾಣುವ ಹಸಿರು ಹುಳಕ್ಕೂ ಅದಕ್ಕೂ ಸಂಬಂಧವಿಲ್ಲ. ಕಣ್ಣಿಗೆ ಕಂಡ ಹುಳ ಹೆಚ್ಚೆಂದರೆ ಹೇಸಿಗೆ ಹುಟ್ಟಿಸುತ್ತದೆ. ಕಾಯಿಲೆ ತರುವುದು ಕಾಣದ ಮೊಟ್ಟೆ, ಕಾಣದ ಬ್ಯಾಕ್ಟೀರಿಯಾ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯುವುದು, ಕೈ ತೊಳೆಯುವುದು, ಬೇಯಿಸುವುದು ಬೇಕಾಗಿರುವುದು ಅವುಗಳಿಗಾಗಿ.

'ಹುಳ ಇದ್ದರೆ ಔಷಧಿ ಇಲ್ಲ' ಎಂಬ ಸಮಾಧಾನ

ಸಾವಯವ ಅಂಗಡಿಗಳ ಹೆಸರಿನಲ್ಲಿ ಹಬ್ಬಿದ ಮಾತು ಇದು. ಕೇಳಲು ತರ್ಕಬದ್ಧವಾಗಿದೆ, ಆದರೆ ನಂಬಲು ಬರುವುದಿಲ್ಲ. ಮೊಟ್ಟೆ ಇರುವುದು ಸಿಪ್ಪೆಯ ಕೆಳಗೆ, ಮರಿ ಇರುವುದು ತಿರುಳಿನ ನಡುವೆ, ಕೋಶ ಇರುವುದು ಮಣ್ಣಿನೊಳಗೆ. ಮೇಲಿನಿಂದ ಸಿಂಪಡಿಸಿದ ಬಹುಪಾಲು ಔಷಧಿಗಳಿಗೆ ಇವು ಸಿಗುವುದಿಲ್ಲ. ಹಾಗಾಗಿ ಔಷಧಿ ಹೊಡೆದ ತೋಟದ ಹಣ್ಣಿನಲ್ಲೂ ಹುಳ ಇರಬಹುದು. ಕಾಗದದ ಚೀಲ ಕಟ್ಟಿ ಬೆಳೆಸಿದ, ಔಷಧಿಯೇ ಕಾಣದ ಸೀಬೆಯಲ್ಲಿ ಹುಳ ಇಲ್ಲದಿರಬಹುದು. ಹುಳ ಔಷಧಿಗೆ ಸರ್ಟಿಫಿಕೇಟ್ ಅಲ್ಲ. ಕಾಯಿ ಮಾಗುವ ಹೊತ್ತಿಗೆ ಹುಳದ ಭಯಕ್ಕೆ ಔಷಧಿ ಹೊಡೆದರೆ ಅದರ ಅಂಶ ಹಣ್ಣಿನಲ್ಲಿ ಉಳಿಯುವ ಸಂಭವ ಹೆಚ್ಚು. ಹಾಗಾಗಿ 'ಒಂದು ಹುಳವೂ ಇರಬಾರದು' ಎಂದು ಗ್ರಾಹಕರಾದ ನಾವು ಹಿಡಿಯುವ ಹಟಕ್ಕೂ ತೋಟದಲ್ಲಿ ಬೆಲೆ ತೆರಬೇಕಾಗುತ್ತದೆ.

ವಾಟ್ಸಾಪ್ ಹುಳಗಳು

ಸೊಮಾಲಿಯಾದಿಂದ ಬಂದ 500 ಟನ್ ಬಾಳೆಹಣ್ಣಿನಲ್ಲಿ 'ಹೆಲಿಕೋಬ್ಯಾಕ್ಟರ್' ಎಂಬ ಹುಳ ಇದೆ, ತಿಂದ 12 ಗಂಟೆಯಲ್ಲಿ ಸಾವು ಎಂಬ ವಿಡಿಯೊ ಹಲವರ ಫೋನಿಗೆ ಬಂದಿತ್ತು. ಹೆಲಿಕೋಬ್ಯಾಕ್ಟರ್ ಹುಳವೇ ಅಲ್ಲ. ಅದು ಹೊಟ್ಟೆಹುಣ್ಣಿಗೆ ಕಾರಣವಾಗುವ, ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಬ್ಯಾಕ್ಟೀರಿಯಾ. ಅದನ್ನು ಗುರುತಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ಬಂದಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಬಾಳೆ ಬೆಳೆಯುವ ದೇಶ ನಮ್ಮದು, ಬಾಳೆಹಣ್ಣಿಗೆ ಸೊಮಾಲಿಯಾದ ದಾರಿ ಕಾಯಬೇಕಿಲ್ಲ.

ದೊಣ್ಣೆಮೆಣಸಿನಕಾಯಿಯಲ್ಲಿ 'ಜಗತ್ತಿನ ಅತಿ ಚಿಕ್ಕ ವಿಷದ ಹಾವು' ಎಂಬ ವಿಡಿಯೊವೂ ಇದೇ ಜಾತಿ. ದಾರದಂಥ ಉದ್ದ ಹುಳಗಳು ತರಕಾರಿಯಲ್ಲಿ ಅಪರೂಪಕ್ಕೆ ಕಾಣುವುದುಂಟು. ಕೀಟಗಳ ಮೈಯಲ್ಲಿ ಬೆಳೆಯುವ ಒಂದು ಬಗೆಯ ದುಂಡುಹುಳಗಳು ಹಾಗಿರುತ್ತವೆ. ಅವು ಕೀಟಗಳಿಗೆ ಮೃತ್ಯು, ಮನುಷ್ಯರಿಗೆ ಅಲ್ಲ.

ಒಂದು ನೊಣಕ್ಕೆ ದೇಶಗಳು ಹೆದರುವುದೇಕೆ?

ತಿಂದರೆ ಅಪಾಯವಿಲ್ಲದ ಹುಳಕ್ಕೆ 2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವನ್ನೇ ನಿಲ್ಲಿಸಿತು. ಮಾವಿನ ಜೊತೆ ಬದನೆ, ಹಾಗಲ, ಪಡವಲ, ಕೆಸುವಿಗೂ ತಡೆ ಬಿತ್ತು. 2013ರಲ್ಲಿ ಭಾರತದಿಂದ ಹೋದ 207 ಸರಕುಗಳಲ್ಲಿ ಹಣ್ಣುನೊಣವೂ ಸೇರಿ ಕೀಟಗಳು ಸಿಕ್ಕಿದ್ದವು. ಮಾವಿನ ಮೇಲಿನ ತಡೆ ತೆಗೆಯುವ ತೀರ್ಮಾನ 2015ರ ಜನವರಿಯಲ್ಲಿ ಬಂತು. ಅವರಿಗಿದ್ದ ಭಯ ತಿನ್ನುವವರ ಆರೋಗ್ಯದ್ದಲ್ಲ. ತಮ್ಮ ನೆಲದಲ್ಲಿಲ್ಲದ ಕೀಟ ಬಂದು ತಮ್ಮ ತರಕಾರಿ, ಹಣ್ಣಿಗೆ ಬೀಳಬಾರದು ಎಂಬುದು. ಆ ಭಯಕ್ಕೆ ಆಧಾರವಿದೆ. ನಮ್ಮದೇ ಈ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿಕೊಂಡು, ನೋಡನೋಡುತ್ತಿದ್ದಂತೆ ಆಫ್ರಿಕಾದ ಬಹುಭಾಗಕ್ಕೆ ಹಬ್ಬಿತು. 300ಕ್ಕೂ ಹೆಚ್ಚು ಬಗೆಯ ಗಿಡಗಳ ಹಣ್ಣು, ಕಾಯಿಗಳಲ್ಲಿ ಅದು ಬದುಕಬಲ್ಲದು.

ಅಮೆರಿಕಕ್ಕೆ ಹೋಗುವ ಮಾವಿಗೆ 2007ರಿಂದ 400 ಗ್ರೇ ಪ್ರಮಾಣದ ವಿಕಿರಣ ಹಾಯಿಸಬೇಕು. ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಅದಕ್ಕೆ ಒಂದು ಘಟಕವಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಲಹೆ ಇನ್ನೂ ಸರಳ: ಕೊಯ್ದ ಮಾವನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟರೆ ಮೊಟ್ಟೆ, ಮರಿ ಸಾಯುತ್ತವೆ. ಉಷ್ಣಾಂಶ ಎರಡು ಮೂರು ಡಿಗ್ರಿ ಹೆಚ್ಚಾದರೆ ಹಣ್ಣು ಬೆಂದಂತಾಗುತ್ತದೆ, ಕಡಿಮೆಯಾದರೆ ಹುಳ ಉಳಿಯುತ್ತದೆ. ಇದಕ್ಕೆ ನೀರಿನ ತೊಟ್ಟಿ, ಉಷ್ಣಾಂಶ ನಿಯಂತ್ರಕ ಬೇಕು. ಗ್ಯಾಸ್ ಒಲೆಯ ಮೇಲೆ ಮಾಡುವ ಕೆಲಸವಲ್ಲ.

ಹೊರದೇಶಕ್ಕೆ ಹೋಗುವ ಹಣ್ಣಿಗೆ ಇಷ್ಟೆಲ್ಲ ಉಪಚಾರ, ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಯಿಂದ ಬೇಗೂರಿನ ತಳ್ಳುಗಾಡಿಗೆ ಬರುವ ಹಣ್ಣಿಗೆ ಸಾಮಾನ್ಯವಾಗಿ ಏನೂ ಇಲ್ಲ. ಹುಳ ಬಿದ್ದ ಆಹಾರ 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ 'ಅಸುರಕ್ಷಿತ' ಎಂಬ ಪಟ್ಟಿಗೆ ಬರುತ್ತದೆ. ಆದರೆ ಅದೇ ಕಾಯ್ದೆ ರೈತರನ್ನೂ ಬೆಳೆಯನ್ನೂ ತನ್ನ ವ್ಯಾಪ್ತಿಯ ಹೊರಗಿಟ್ಟಿದೆ. ನಡುವೆ ಉಳಿಯುವವರು ಗಾಡಿಯವರು. ನಾವು ಕಾಣದ ಚುಕ್ಕೆ ಅವರಿಗೂ ಕಾಣುವುದಿಲ್ಲ. ಹುಳ ಸಿಕ್ಕಿದರೆ ಹಣ್ಣನ್ನು ಕೊಂಡೊಯ್ದು ತೋರಿಸಿ ಬದಲಿ ಕೇಳಬಹುದು. ಮೋಸಗಾರ ಎಂದು ಬೈಯಲು ಕಾರಣವಿಲ್ಲ.

ತುಳಸಿಯ ಗುಟ್ಟು

ಹಣ್ಣುನೊಣದ ವಿರುದ್ಧ ಜಗತ್ತು ಇಂದು ಬಳಸುವ ಮುಖ್ಯ ಆಯುಧ ಹುಟ್ಟಿದ್ದು ಭಾರತದಲ್ಲೇ. ಬಿಹಾರದ ಪೂಸಾದಲ್ಲಿದ್ದ ಎಫ್. ಎಂ. ಹೌಲೆಟ್ ಎಂಬ ಕೀಟವಿಜ್ಞಾನಿ, ಸೊಳ್ಳೆ ಓಡಿಸಲು ಹಚ್ಚುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತುವುದನ್ನು ಗಮನಿಸಿ 1912ರಲ್ಲಿ ಪ್ರಕಟಿಸಿದ. ಬಂದವೆಲ್ಲ ಗಂಡು ನೊಣಗಳೇ. ಅವನ್ನು ಸೆಳೆದದ್ದು ಮೀಥೈಲ್ ಯೂಜಿನಾಲ್ ಎಂಬ ಸುಗಂಧ ಎಂದು ಮುಂದೆ ಅವನೇ ತೋರಿಸಿದ. ಗಂಡು ನೊಣ ಅದನ್ನು ತಿಂದು, ಹೆಣ್ಣನ್ನು ಒಲಿಸಿಕೊಳ್ಳುವ ವಾಸನೆಯಾಗಿ ಮೈಯಲ್ಲಿ ಮಾರ್ಪಡಿಸಿಕೊಳ್ಳುತ್ತದೆ. ಅದಕ್ಕೇ ಅಷ್ಟು ಆಸೆ. ನಮ್ಮ ತುಳಸಿಯಲ್ಲೂ ಈ ಸುಗಂಧವಿದೆ. ಜಜ್ಜಿದ ತುಳಸಿ ಎಲೆಗೆ ಹಣ್ಣುನೊಣ ಬರುವುದು ಇದರಿಂದಲೇ.

ಇಂದಿನ ಮೋಹಕ ಬಲೆ ಎಂದರೆ ಈ ಸುಗಂಧ ಮತ್ತು ಕೀಟನಾಶಕದಲ್ಲಿ ನೆನೆಸಿದ ಮರದ ತುಂಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತೂಗುಹಾಕಿದ್ದು. ವಾಸನೆಗೆ ಬಂದ ಗಂಡುಗಳು ಅಲ್ಲೇ ಸಾಯುತ್ತವೆ. ಹಣ್ಣಿಗೆ ಔಷಧಿ ತಗಲುವುದಿಲ್ಲ. ಇದೇ ಉಪಾಯವನ್ನು ದ್ವೀಪ ದ್ವೀಪಕ್ಕೂ ವಿಸ್ತರಿಸಿ ಜಪಾನ್ ತನ್ನ ಒಕಿನಾವಾ ಕಡೆಯ ದ್ವೀಪಗಳಿಂದ ಈ ನೊಣವನ್ನು 1986ರ ಹೊತ್ತಿಗೆ ಪೂರ್ತಿ ಅಳಿಸಿಹಾಕಿತು.

ಹಾಗಾದರೆ ಮನೆಯ ಸೀಬೆಮರಕ್ಕೆ ಒಂದು ಡಬ್ಬಿ ತೂಗುಹಾಕಿದರೆ ಸಾಕೇ? ಸಾಲದು. ಬಲೆಗೆ ಬೀಳುವುದು ಗಂಡುಗಳು ಮಾತ್ರ, ಮೊಟ್ಟೆಯಿಡುವುದು ಹೆಣ್ಣುಗಳು. ಪಕ್ಕದ ರಸ್ತೆಯಲ್ಲಿ ಕೂಡಿ ಬಂದ ಹೆಣ್ಣು ನಿಮ್ಮ ಮರದಲ್ಲಿ ಮೊಟ್ಟೆಯಿಡುತ್ತದೆ. ನೊಣಗಳು ಕಿಲೋಮೀಟರ್‌ಗಟ್ಟಲೆ ಹಾರಬಲ್ಲವು. ಬೇಗೂರು, ಹೆಸರಿನಲ್ಲೇ ಮಾವಿರುವ ಹುಳಿಮಾವು, ಹೊಂಗಸಂದ್ರದಂಥ ಕಡೆ ಇದೇ ಕಷ್ಟ. ಒಂದು ಕಾಂಪೌಂಡಿನಲ್ಲಿ ಸೀಬೆ, ಇನ್ನೊಂದರಲ್ಲಿ ಮಾವು, ನಡುವೆ ಯಾರೂ ನೋಡಿಕೊಳ್ಳದ ಖಾಲಿ ಸೈಟಿನಲ್ಲಿ ಉದುರಿ ಕೊಳೆಯುವ ಹಣ್ಣು. ಆ ಖಾಲಿ ಸೈಟೇ ಇಡೀ ಬೀದಿಗೆ ನೊಣ ಹಂಚುವ ತಾಣ.

ಆದ್ದರಿಂದ ಬೀದಿಯವರೆಲ್ಲ ಸೇರಿ ಮಾಡಬೇಕಾದ ಕೆಲಸ ಇದು, ಬಲೆಗಿಂತ ಮೊದಲು ನೆಲ. ಉದುರಿದ ಹಣ್ಣನ್ನು ಎರಡು ದಿನಕ್ಕೊಮ್ಮೆಯಾದರೂ ಆರಿಸಬೇಕು. ಹುಳ ಹಣ್ಣಿನಿಂದ ಹೊರಬಂದು ಮಣ್ಣು ಸೇರುವ ಮೊದಲೇ ಹಣ್ಣು ಕೈಗೆ ಸಿಗಬೇಕು. ಅದನ್ನು ಗಿಡದ ಬುಡಕ್ಕೆ ಗೊಬ್ಬರವೆಂದು ಹಾಕಿದರೆ ನೊಣವನ್ನು ನಾವೇ ಸಾಕಿದಂತೆ. ಬಿಗಿಯಾಗಿ ಕಟ್ಟಿದ ಕವರಿನಲ್ಲಿ ಕೆಲವು ದಿನ ಬಿಸಿಲಿಗಿಟ್ಟು, ಹುಳ ಸತ್ತ ಮೇಲೆ ಹಣ್ಣನ್ನು ಹಸಿ ಕಸಕ್ಕೆ ಕೊಡಬಹುದು, ಇಲ್ಲವೇ ಎರಡು ಅಡಿ ಆಳಕ್ಕೆ ಹೂಳಬಹುದು. ಮರದ ಕೆಳಗಿನ ಮಣ್ಣನ್ನು ಆಗಾಗ ಕೆದಕಿದರೆ ಕೋಶಗಳು ಬಿಸಿಲಿಗೆ, ಇರುವೆಗೆ, ಹಕ್ಕಿಗೆ ಸಿಗುತ್ತವೆ. ಕಾಯಿ ಬಲಿಯುವ ಮೊದಲೇ ಒಂದೊಂದಕ್ಕೂ ಕಾಗದದ ಅಥವಾ ಬಟ್ಟೆಯ ಚೀಲ ಕಟ್ಟುವುದು ಮನೆಯ ಮರಕ್ಕೆ ಎಲ್ಲಕ್ಕಿಂತ ಖಾತ್ರಿಯಾದ ಉಪಾಯ. ಬೀದಿಯ ಹಲವರು ಸೇರಿ ಒಂದೇ ಕಾಲದಲ್ಲಿ ಬಲೆ ಹಾಕಿದರೆ ಅದರ ಫಲವೂ ಕಾಣುತ್ತದೆ.

ಕೊಳ್ಳುವಾಗ, ತಿನ್ನುವಾಗ

ಸೀಬೆ ಕೊಳ್ಳುವಾಗ ಬಣ್ಣಕ್ಕಿಂತ ಚುಕ್ಕೆ ನೋಡಿ. ಸೂಜಿ ಚುಚ್ಚಿದಂಥ ಗುರುತು, ಅದರ ಸುತ್ತ ಬೆರಳಿಗೆ ಮೆತ್ತಗೆ ಸಿಗುವ ಜಾಗ ಇದ್ದರೆ ಬಿಡಿ. ಪೂರ್ತಿ ಮಾಗಿದ್ದಕ್ಕಿಂತ ಬಲಿತು ಗಟ್ಟಿಯಿರುವುದನ್ನು ತಂದು ಬೇಗ ತಿನ್ನಿ. ಫ್ರಿಜ್ಜಿನ ತಂಪು ಹುಳದ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ಆದರೆ ಕೊಲ್ಲುತ್ತದೆ ಎಂಬ ಖಾತ್ರಿಯಿಲ್ಲ. ಮಳೆಗಾಲದಲ್ಲಿ ಇಡೀ ಹಣ್ಣನ್ನು ಕಚ್ಚುವ ಬದಲು ಹೋಳು ಮಾಡಿ ಬೆಳಕಿನಲ್ಲಿ ನೋಡಿ ಮಕ್ಕಳ ಕೈಗೆ ಕೊಡಿ. ಕತ್ತರಿಸುವ ಮೊದಲು ತೊಳೆಯಿರಿ, ಇಲ್ಲದಿದ್ದರೆ ಸಿಪ್ಪೆಯ ಕೊಳೆ ಚಾಕುವಿನ ಜೊತೆ ತಿರುಳಿಗಿಳಿಯುತ್ತದೆ.

ಪೂರ್ತಿ ಹುಳವಿಲ್ಲದ ಆಹಾರ ಎಂಬುದು ಎಲ್ಲೂ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಟೊಮೆಟೊ ರಸಕ್ಕೆ ಹಾಕಿರುವ ಮಿತಿ ನೋಡಿ: 100 ಗ್ರಾಂನಲ್ಲಿ ಸರಾಸರಿ 10 ನೊಣದ ಮೊಟ್ಟೆ ಅಥವಾ 2 ಮರಿಹುಳ ಮುಟ್ಟಿದರೆ ಮಾತ್ರ ಕ್ರಮ. ಅದಕ್ಕಿಂತ ಕಡಿಮೆ ಇದ್ದರೆ ಬಾಟಲಿಯಲ್ಲಿ ಹೊಳೆಯುತ್ತಾ ಅಂಗಡಿಗೆ ಬರುತ್ತದೆ. ನಮ್ಮ ಸೀಬೆಹಣ್ಣಿನ ಹುಳ ಕನಿಷ್ಠ ಕಣ್ಣಿಗೆ ಕಾಣುತ್ತದೆ, ಚಾಕುವಿನ ತುದಿಗೆ ಸಿಗುತ್ತದೆ. ಅದನ್ನು ತೆಗೆದುಹಾಕಿ, ಉಳಿದ ಗಟ್ಟಿ ಹೋಳಿಗೆ ಉಪ್ಪು ಖಾರ ಹಚ್ಚಿ ಮಗುವಿಗೆ ಕೊಡಬಹುದು.